ನಾಲ್ಕು ಪ್ಲೇಟಿನ ಸೆಟ್ಟು, ಮೂರನೆಯದು ಇಲ್ಲ: ಒಂದು ಹುಡುಕಾಟದ ಪ್ರಕರಣ

ಇಲ್ಲಿ ಬರುವವರ ಹೆಸರು, ಊರು ಯಾವುದನ್ನೂ ಬರೆದಿಲ್ಲ. ನಾಟಕದ ಹೆಸರನ್ನೂ ಹಾಡಿದವರ ಹೆಸರನ್ನೂ ಬಿಟ್ಟಿದ್ದೇನೆ. ಗ್ರಾಮಫೋನ್ ಪ್ಲೇಟಿನ ಸಂಖ್ಯೆಗಳಲ್ಲಿ ಕೊನೆಯ ಎರಡು ಅಂಕಿ ಮಾತ್ರ ಇವೆ, ಅವನ್ನೂ ಬದಲಿಸಿದ್ದೇನೆ. ಆದರೆ ಯಾವ ಹೆಜ್ಜೆಯಲ್ಲಿ ಏನು ಯೋಚಿಸಿದೆವು, ಎಲ್ಲಿ ಎಡವಿದೆವು ಅನ್ನೋದನ್ನು ಮುಚ್ಚಿಟ್ಟಿಲ್ಲ. ಹಳೆ ಪ್ಲೇಟು ಹುಡುಕುವವರಿಗೆ ಉಪಯೋಗಕ್ಕೆ ಬರುವುದು ಅದೇ.

ಹಿನ್ನೆಲೆ

ಸಂಗ್ರಾಹಕರನ್ನು ಮೇಷ್ಟ್ರು ಅಂತ ಕರೆಯೋಣ. ನಿವೃತ್ತ ಶಿಕ್ಷಕರು. ಮೂವತ್ತು ವರ್ಷದಿಂದ ನಿಮಿಷಕ್ಕೆ 78 ಸುತ್ತು ತಿರುಗುವ, ಅಂದರೆ 78 ಆರ್‌ಪಿಎಂ ಪ್ಲೇಟುಗಳನ್ನು ಕೂಡಿಸುತ್ತಿದ್ದಾರೆ. ಎಲ್ಲ ಬಗೆಯ ಪ್ಲೇಟೂ ಅವರಿಗೆ ಬೇಡ. ಕಂಪನಿ ನಾಟಕದ್ದು ಮಾತ್ರ ಬೇಕು. ಯಾರಾದರೂ ಸಿನಿಮಾ ಪ್ಲೇಟು ಸುಮ್ನೆ ಕೊಡ್ತೀನಿ ಅಂದರೂ ಬೇಕಾದವರ ಹೆಸರು ಹೇಳಿ ಅಲ್ಲಿಗೆ ಕಳಿಸುತ್ತಾರೆ. ನಾನು ಅವರ ಶಿಷ್ಯನಲ್ಲ, ನೆರೆಯವನು. ಪ್ಲೇಟಿನ ದನಿಯನ್ನು ಕಂಪ್ಯೂಟರಿಗೆ ಇಳಿಸುವ ಕೆಲಸ ನನ್ನದು.

ಅವರ ಹತ್ತಿರ ಒಂದು ಪೌರಾಣಿಕ ನಾಟಕದ ಸೆಟ್ ಇದೆ. ನಾಟಕದ ಸೆಟ್ ಅಂದರೆ ಏನು ಅಂತ ಈಗಿನವರಿಗೆ ಹೇಳಬೇಕು. 10 ಇಂಚಿನ ಪ್ಲೇಟಿನ ಒಂದು ಸೈಡಿಗೆ ಹಿಡಿಸುವುದು ಸುಮಾರು 3 ನಿಮಿಷ. ರಾತ್ರಿಯಿಡೀ ಆಡುವ ನಾಟಕವನ್ನು ಅಷ್ಟರಲ್ಲಿ ಹೇಳೋಕಾಗುತ್ತಾ? ಅದಕ್ಕೆ ಮುಖ್ಯ ದೃಶ್ಯಗಳನ್ನೂ ಜನ ಮೆಚ್ಚಿದ ಹಾಡುಗಳನ್ನೂ ಆರಿಸಿ, ಹಲವು ಪ್ಲೇಟುಗಳಲ್ಲಿ ತುಂಬಿ, ಸೆಟ್ ಮಾಡಿ ಮಾರುತ್ತಿದ್ದರು. ಮೇಷ್ಟ್ರದ್ದು ನಾಲ್ಕು ಪ್ಲೇಟಿನ ಸೆಟ್. ಎಂಟು ಸೈಡು. ಅದರಲ್ಲಿ ಮೂರನೇ ಪ್ಲೇಟು, ಅಂದರೆ ಐದು ಮತ್ತು ಆರನೇ ಸೈಡು, ಇರಲಿಲ್ಲ.

ಆ ಕೊರತೆ ಕಿವಿಗೆ ಹೇಗೆ ಕೇಳುತ್ತಿತ್ತು ಅಂತ ಹೇಳಿದರೆ ಈ ಹುಡುಕಾಟ ಯಾಕೆ ಅಂತ ತಿಳಿಯುತ್ತದೆ. ಮಗ ಯುದ್ಧಕ್ಕೆ ಹೊರಟಿದ್ದಾನೆ. ನಾಲ್ಕನೇ ಸೈಡಿನ ಕೊನೆಯಲ್ಲಿ ತಾಯಿ ತಗ್ಗಿದ ದನಿಯಲ್ಲಿ ಕೇಳುತ್ತಾಳೆ: "ನನ್ನನ್ನು ಬಿಟ್ಟು ಹೋಗುವೆಯಾ, ಮಗೂ?" ಹಾರ್ಮೋನಿಯಂ ಒಂದು ಸ್ವರ ಹಿಡಿದು ನಿಲ್ಲುತ್ತದೆ. ಆಮೇಲೆ ಬರೀ ಸರಸರ ಸದ್ದು, ಮುಳ್ಳು ಲೇಬಲ್ಲಿನ ಕಡೆ ಓಡುತ್ತದೆ. ಏಳನೇ ಸೈಡು ಶುರುವಾಗುವಾಗ ಮಗ ಇಲ್ಲ. ತಾಯಿ ಬಾಗಿಲಲ್ಲಿ ದೀಪ ಹಚ್ಚಿಟ್ಟು ಒಬ್ಬಳೇ ಹಾಡುತ್ತಿದ್ದಾಳೆ.

ಆ ತಗ್ಗಿದ ದನಿ ಪ್ಲೇಟಿನಲ್ಲಿ ಕೇಳುವುದೇ ಒಂದು ಕಾಲದ ಗುರುತು. 1925ರಲ್ಲಿ ಮೈಕ್ ಇಟ್ಟು ರೆಕಾರ್ಡ್ ಮಾಡುವ ಪದ್ಧತಿ ಶುರುವಾಯಿತು. ಅದಕ್ಕೆ ಮೊದಲು ದೊಡ್ಡ ಕೊಳವೆಯ ಬಾಯಿಗೆ ಮುಖ ಕೊಟ್ಟು, ಗಂಟಲು ತೆರೆದು ಹಾಡಬೇಕಿತ್ತು. ಪಿಸುಮಾತು ಅದರಲ್ಲಿ ನಿಲ್ಲುತ್ತಿರಲಿಲ್ಲ.

ಮಗ ಏನಂದ? ಮೇಷ್ಟ್ರಿಗೆ ಇದೇ ಕೊರಗು. ನಾಟಕದ ಹಾಡಿನ ಪುಸ್ತಕ ಅವರ ಹತ್ತಿರ ಇತ್ತು. ಅದರಲ್ಲಿ ಹಾಡುಗಳಷ್ಟೇ ಇದ್ದವು, ಮಾತು ಇರಲಿಲ್ಲ. ಹನ್ನೊಂದು ವರ್ಷ ಅವರು ಆ ಪ್ರಶ್ನೆಯನ್ನು ಕೇಳಿದರು, ಉತ್ತರ ಕೇಳಲಿಲ್ಲ.

ಯಾಕೆ ಸಿಗುವುದಿಲ್ಲ

ಇಂಥ ಪ್ಲೇಟು ಅಪರೂಪ ಆಗುವುದಕ್ಕೆ ಕಾರಣ ಒಂದೇ ಅಲ್ಲ. ಮೊದಲನೆಯದು, ಪ್ಲೇಟೇ ಒಡೆಯುವ ವಸ್ತು. ಅದನ್ನು ಮಾಡುತ್ತಿದ್ದದ್ದು ಅರಗಿನಿಂದ. ಅರಗಿನ ಜೊತೆ ಕಲ್ಲಿನ ಪುಡಿ, ಕರಿ ಬಣ್ಣ ಸೇರಿಸಿ ಬಿಸಿ ಮಾಡಿ ಅಚ್ಚೊತ್ತುತ್ತಿದ್ದರು. ಪುಡಿಯ ಪಾಲೇ ಜಾಸ್ತಿ. ಕೈಯಲ್ಲಿ ಹಿಡಿದರೆ ಕಲ್ಲಿನ ಹಾಗೆ ಗಟ್ಟಿ, ಬಿದ್ದರೆ ಹಂಚಿನ ಹಾಗೆ ಚೂರು. ಎರಡನೆಯದು, ಉಕ್ಕಿನ ಮುಳ್ಳು. ಪ್ಲೇಟಿನ ಪುಡಿಯೇ ಮುಳ್ಳಿನ ತುದಿಯನ್ನು ತನ್ನ ಗೆರೆಗೆ ತಕ್ಕ ಹಾಗೆ ಸವೆಸುತ್ತದೆ. ಅದಕ್ಕೇ ಒಂದು ಸೈಡಿಗೆ ಒಂದು ಮುಳ್ಳು ಅಂತ ನಿಯಮ ಇತ್ತು. ಎಷ್ಟು ಮನೆಗಳಲ್ಲಿ ಅದನ್ನು ಪಾಲಿಸಿದರು? ಒಂದೇ ಮುಳ್ಳಿನಲ್ಲಿ ಹತ್ತು ಪ್ಲೇಟು ಹಾಕಿದರೆ ಗೆರೆ ಕೆತ್ತಿ ಹೋಗುತ್ತದೆ.

ಮೂರನೆಯದು ಯುದ್ಧ. ಎರಡನೇ ಮಹಾಯುದ್ಧದ ಹೊತ್ತಿಗೆ ಅರಗಿಗೆ ಹಲವು ದೇಶಗಳಲ್ಲಿ ಬರ ಬಂತು. 1942ರಲ್ಲಿ ಅಮೆರಿಕದಲ್ಲಿ ಪ್ಲೇಟಿಗೆ ಅರಗು ಬಳಸುವುದರ ಮೇಲೆ ಕಟ್ಟುಪಾಡು ಹಾಕಿದರು. ಹಳೆ ಪ್ಲೇಟುಗಳನ್ನು ವಾಪಸ್ ತೆಗೆದುಕೊಂಡು, ಪುಡಿ ಮಾಡಿ, ಹೊಸ ಪ್ಲೇಟಿಗೆ ಬೆರೆಸಿದರು. ಒಂದು ದನಿಯ ಮೇಲೆ ಇನ್ನೊಂದು ದನಿ ಅಚ್ಚಾಯಿತು. ಇದನ್ನು ನೆನೆದರೆ ನನಗೆ ಈಗಲೂ ಸಂಕಟ ಆಗುತ್ತದೆ.

ಸೆಟ್ಟಿಗಂತೂ ಇನ್ನೊಂದು ಕಷ್ಟ. ಮನೆಯಲ್ಲಿ ಎಲ್ಲ ಪ್ಲೇಟೂ ಒಂದೇ ಸಮ ಸವೆಯುವುದಿಲ್ಲ. ಯಾವುದರಲ್ಲಿ ಒಳ್ಳೆ ಹಾಡಿದೆಯೋ ಅದನ್ನೇ ಮತ್ತೆ ಮತ್ತೆ ಹಾಕುತ್ತಾರೆ, ಅದೇ ಸವೆಯುತ್ತದೆ, ಅದೇ ಒಡೆಯುತ್ತದೆ. ನಮ್ಮ ಮೂರನೇ ಪ್ಲೇಟಿನ ಆರನೇ ಸೈಡಿನಲ್ಲಿ ಆ ನಾಟಕದ ಬಹಳ ಜನಪ್ರಿಯ ಹಾಡಿತ್ತು.

ಮೊದಲ 14 ತಿಂಗಳು

ಮೇಷ್ಟ್ರು ಒಂದು ಕಾಗದ ಬರೆದು, ಅದನ್ನೇ ನಕಲು ಮಾಡಿ ಎಲ್ಲರಿಗೂ ಕಳಿಸಿದರು. ಹಳೆ ಸಾಮಾನಿನ ವ್ಯಾಪಾರಿಗಳು, ಬೇರೆ ಸಂಗ್ರಾಹಕರು, ನಾಟಕದವರ ಮನೆಗಳು, ಹಿಂದೆ ಗ್ರಾಮಫೋನ್ ಇದ್ದ ಮನೆಗಳು. "ಈ ನಾಟಕದ ಸೆಟ್ಟಿನ ಮೂರನೇ ಪ್ಲೇಟು, ಸಂಖ್ಯೆ 43, ನಿಮ್ಮಲ್ಲಿ ಇದೆಯೇ?" ಅಂತ ಕಾಗದದ ತಿರುಳು. ಅವರ ಹತ್ತಿರ ಇದ್ದ ಪ್ಲೇಟುಗಳ ಲೇಬಲ್ಲಿನ ಮೇಲೆ 41, 42, 44 ಅಂತ ಇತ್ತು. ಹಾಗಾಗಿ ಬೇಕಾದದ್ದು 43.

ಬಹಳ ಜನ "ಇಲ್ಲ" ಅಂದರು. ಒಬ್ಬರು "ಇದೆ, ಬನ್ನಿ" ಅಂದರು. ಒಂದು ಹಗಲು ಪೂರ್ತಿ ಪ್ರಯಾಣ ಮಾಡಿ ಹೋದರೆ ಅದು ಎರಡನೇ ಪ್ಲೇಟು. ಲೇಬಲ್ ಮಾಸಿತ್ತು, ಪಾಪ ಅವರು 2 ಅನ್ನು 3 ಅಂತ ಓದಿದ್ದರು. ಅವತ್ತಿನಿಂದ ಮೊದಲು ಫೋಟೋ ತರಿಸಿಕೊಳ್ಳೋಣ ಅಂತ ತೀರ್ಮಾನ ಆಯಿತು. ಇದು ಸಣ್ಣ ತೀರ್ಮಾನ, ಆದರೆ ಮುಂದೆ ಕೆಲಸಕ್ಕೆ ಬಂತು.

ಒಂದು ಮನೆಯ ಉತ್ತರವನ್ನು ಇಲ್ಲಿ ಗುರುತು ಹಾಕಿಕೊಳ್ಳಿ. ಆ ಮನೆಯ ಹಿರಿಯ ಹೆಣ್ಣುಮಗಳು ಫೋನಿನಲ್ಲಿ ಹೇಳಿದರು: "ನಮ್ಮ ಮಾವನವರ ಟ್ರಂಕಿನಲ್ಲಿ ಪ್ಲೇಟುಗಳಿವೆ. ಆದರೆ ನಾಟಕದ್ದು ಒಂದೂ ಇಲ್ಲಪ್ಪ. ಬರೀ ಹಾಡಿನವು." ಮೇಷ್ಟ್ರು ಥ್ಯಾಂಕ್ಸ್ ಹೇಳಿ, ಪುಸ್ತಕದಲ್ಲಿ ಆ ಹೆಸರಿನ ಮುಂದೆ ಅಡ್ಡಗೆರೆ ಎಳೆದರು.

ಸಿಕ್ಕಿತು, ಒಡೆಯಿತು

ಹದಿನಾಲ್ಕನೇ ತಿಂಗಳಲ್ಲಿ ದೂರದ ಒಬ್ಬ ವ್ಯಾಪಾರಿಯಿಂದ ಫೋಟೋ ಬಂತು. ಲೇಬಲ್ ಸ್ಪಷ್ಟವಾಗಿತ್ತು. 43. ಗೆರೆಗಳು ಕನ್ನಡಿಯ ಹಾಗೆ ಹೊಳೆಯುತ್ತಿದ್ದವು. ಅಂದರೆ ಹೆಚ್ಚು ಹಾಕದ ಪ್ಲೇಟು. ಮೇಷ್ಟ್ರು ಚೌಕಾಸಿ ಮಾಡಲಿಲ್ಲ. ಕೇಳಿದಷ್ಟು ದುಡ್ಡು ಕಳಿಸಿ, "ಇವತ್ತೇ ಪಾರ್ಸೆಲ್ ಮಾಡಿ" ಅಂದರು.

ಈ ಪ್ರಕರಣದ ದೊಡ್ಡ ತಪ್ಪು ಇಲ್ಲೇ ಆಗಿದ್ದು. ಯಾವಾಗ ಬರುತ್ತೆ ಅಂತ ಕೇಳಿದೆವು. ಹೇಗೆ ಕಟ್ಟುತ್ತೀರಿ ಅಂತ ಕೇಳಲಿಲ್ಲ.

ಪೆಟ್ಟಿಗೆ ಬಂದ ದಿನ ನಾನೂ ಅಲ್ಲಿದ್ದೆ. ಮೇಷ್ಟ್ರು ಅದನ್ನು ಎರಡೂ ಕೈಯಲ್ಲಿ ಎತ್ತಿ ಮೆಲ್ಲಗೆ ಅಲುಗಿಸಿದರು. ಒಳಗೆ ಏನೋ ಒಂದಕ್ಕೊಂದು ತಾಕಿದ ಸದ್ದು ಬಂತು. ಅವರು ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ನಿಂತರು. ಆಮೇಲೆ ನನಗೆ ಕತ್ತರಿ ಕೊಟ್ಟು, "ನೀವೇ ಬಿಚ್ಚಿ" ಅಂದರು. ಪ್ಲೇಟು ನಡುವಿನ ತೂತಿನ ಮೂಲಕ ಸರಿಯಾಗಿ ಎರಡು ಹೋಳಾಗಿತ್ತು. ನಾಲ್ಕು ಹಾಳೆ ಪತ್ರಿಕೆ ಸುತ್ತಿ, ತೆಳು ರಟ್ಟಿನ ಡಬ್ಬಿಯಲ್ಲಿ ಮಲಗಿಸಿ ಕಳಿಸಿದ್ದರು. ವ್ಯಾಪಾರಿಗೆ ಮೋಸ ಮಾಡುವ ಉದ್ದೇಶ ಇರಲಿಲ್ಲ. ಅವರು ನಿಜಕ್ಕೂ ನೊಂದುಕೊಂಡು ಅರ್ಧ ದುಡ್ಡು ವಾಪಸ್ ಕಳಿಸಿದರು.

ಅರಗಿನ ಪ್ಲೇಟು ಕಟ್ಟುವ ಬಗೆ ಬೇರೆಯೇ ಇದೆ. ಪ್ಲೇಟಿಗಿಂತ ಎರಡೆರಡು ಇಂಚು ದೊಡ್ಡದಾದ ಎರಡು ದಪ್ಪ ರಟ್ಟು ಬೇಕು. ರಟ್ಟಿನೊಳಗಿನ ಅಲೆಗಳು ಒಂದರಲ್ಲಿ ಉದ್ದಕ್ಕೆ, ಇನ್ನೊಂದರಲ್ಲಿ ಅಡ್ಡಕ್ಕೆ ಬರಬೇಕು. ಆಗ ಯಾವ ಕಡೆಯಿಂದಲೂ ಮಡಚುವುದಿಲ್ಲ. ನಡುವೆ ಪ್ಲೇಟಿಟ್ಟು, ಅಲುಗದ ಹಾಗೆ ನಾಲ್ಕೂ ಅಂಚಿಗೆ ಟೇಪು ಹಾಕಬೇಕು. ಅದನ್ನು ಒಂದು ಡಬ್ಬಿಯಲ್ಲಿಟ್ಟು, ಆ ಡಬ್ಬಿಯನ್ನು ಇನ್ನೂ ದೊಡ್ಡ ಡಬ್ಬಿಯಲ್ಲಿಟ್ಟು, ನಡುವಿನ ಜಾಗಕ್ಕೆ ಮೆತ್ತನೆಯದು ತುಂಬಬೇಕು. ಇಷ್ಟನ್ನು ಕಳಿಸುವವರಿಗೆ ಬರೆದು ಹೇಳಬೇಕು. ಅವರಿಗೆ ಗೊತ್ತಿರುತ್ತೆ ಅಂತ ಅಂದುಕೊಳ್ಳಬಾರದು. ಹೀಗೆ ಕಟ್ಟಲು ಆಗದವರಾದರೆ ನಾವೇ ಹೋಗಿ ತರಬೇಕು.

ಮೇಷ್ಟ್ರು ಹೋಳುಗಳನ್ನು ಎಸೆಯಲು ಹೊರಟರು. ಅವರ ಕಣ್ಣಿಗೆ ಅದು ಸತ್ತ ಪ್ಲೇಟು. "ಒಡೆದದ್ದರ ಮೇಲೆ ಮುಳ್ಳು ಇಡೋಕಾಗುತ್ತಾ?" ಅಂದರು. ಗ್ರಾಮಫೋನಿನಲ್ಲಿ ನಿಜಕ್ಕೂ ಆಗುವುದಿಲ್ಲ. ಆ ಭಾರದ ತಲೆ ಬಿರುಕಿಗೆ ತಗುಲಿದರೆ ಪ್ಲೇಟು, ಮುಳ್ಳು ಎರಡೂ ಹಾಳು. ಆದರೂ ನನಗೆ ಬಿಡಲು ಮನಸ್ಸಾಗಲಿಲ್ಲ. ಕೇಳಿ ಮನೆಗೆ ತಂದೆ.

ಮೇಣದ ಮೇಲೆ ಬರೆದ ಸಂಖ್ಯೆ

ಆ ರಾತ್ರಿ ಒಂದು ಹೋಳನ್ನು ದೀಪದ ಕೆಳಗೆ ಓರೆಯಾಗಿ ಹಿಡಿದೆ. ಇಡೀ ಪ್ಲೇಟು ಕೈಯಲ್ಲಿದ್ದರೆ ನಾವು ಲೇಬಲ್ ಓದುತ್ತೇವೆ, ಗೆರೆ ನೋಡುತ್ತೇವೆ. ಅವೆರಡರ ನಡುವೆ ಒಂದು ನುಣುಪು ಪಟ್ಟಿ ಇರುತ್ತದೆ. ದನಿಯ ಗೆರೆ ಮುಗಿದ ಮೇಲಿನ ಖಾಲಿ ಜಾಗ ಅದು. ಅಲ್ಲಿ ಚಿಕ್ಕದಾಗಿ ಒಂದು ಸಂಖ್ಯೆ ಇತ್ತು. ಕೊನೆಯ ಎರಡು ಅಂಕಿ 65. ತಿರುಗಿಸಿದೆ. 66.

ಇದನ್ನು ಮ್ಯಾಟ್ರಿಕ್ಸ್ ಸಂಖ್ಯೆ ಅನ್ನುತ್ತಾರೆ. ಲೇಬಲ್ಲಿನ ಸಂಖ್ಯೆಗೂ ಇದಕ್ಕೂ ಬಹಳ ವ್ಯತ್ಯಾಸ ಇದೆ. ಲೇಬಲ್ಲಿನದು ಮಾರುವವರ ಸಂಖ್ಯೆ. ಅಂಗಡಿಯಲ್ಲಿ ಪ್ಲೇಟು ಕೇಳಿ ತೆಗೆದುಕೊಳ್ಳಲು ಅದು ಬೇಕು. ಮ್ಯಾಟ್ರಿಕ್ಸ್ ರೆಕಾರ್ಡ್ ಮಾಡಿದವರ ಸಂಖ್ಯೆ. ಅಂದಿನ ಕೆಲಸ ಹೀಗಿತ್ತು: ಮೊದಲು ಮೇಣದ ಬಿಲ್ಲೆಯ ಮೇಲೆ ದನಿಯನ್ನು ಕೊರೆಯುತ್ತಿದ್ದರು. ಅದರಿಂದ ಲೋಹದ ಅಚ್ಚು, ಆ ಅಚ್ಚಿನಿಂದ ಇನ್ನೊಂದು ಅಚ್ಚು, ಕೊನೆಗೆ ಪ್ಲೇಟು ಒತ್ತುವ ಅಚ್ಚು. ಸಂಖ್ಯೆ ಈ ಎಲ್ಲದರ ಜೊತೆ ಪ್ಲೇಟಿನ ತನಕ ಬರುತ್ತದೆ. ಲೇಬಲ್ ಕಾಗದ ಬದಲಾಗಬಹುದು, ಬಣ್ಣ ಬದಲಾಗಬಹುದು, ಹೆಸರೇ ಬದಲಾಗಬಹುದು. ದನಿ ಅದೇ ಆಗಿದ್ದರೆ ಈ ಸಂಖ್ಯೆ ಅದೇ.

ನಮ್ಮ ದೇಶದ ಮೊದಲ ಪ್ಲೇಟುಗಳಿಗಂತೂ ಗುರುತು ಬಹಳ ಮುಖ್ಯವಾಗಿತ್ತು. 1902ರಲ್ಲಿ ಗ್ರಾಮಫೋನ್ ಕಂಪನಿಯ ರೆಕಾರ್ಡಿಂಗ್ ತಜ್ಞ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತಾಕ್ಕೆ ಬಂದು ರೆಕಾರ್ಡ್ ಮಾಡಿದಾಗ ಪ್ಲೇಟು ಅಚ್ಚಾಗುತ್ತಿದ್ದದ್ದು ಜರ್ಮನಿಯ ಹ್ಯಾನೋವರ್‌ನಲ್ಲಿ. ಆ ಕಾಲದ ಗಾಯಕಿ ಗೌಹರ್ ಜಾನ್ ಹಾಡು ಮುಗಿಸಿ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಾರಲ್ಲ, ಅದು ಹಾಡಿನ ಭಾಷೆ ತಿಳಿಯದ ಅಲ್ಲಿನ ಕೆಲಸಗಾರರಿಗೆ ಗುರುತು ಸಿಗಲಿ ಅಂತ ಅನ್ನುತ್ತಾರೆ. 1908ರಲ್ಲಿ ಕಲ್ಕತ್ತಾದ ಸಿಯಾಲ್ದಾದಲ್ಲೇ ಕಾರ್ಖಾನೆ ಶುರುವಾಯಿತು. ಹೆಸರು ಕೂಗುವ ಪದ್ಧತಿ ಮುಂದೆ ನಿಂತುಹೋಯಿತು, ಸಂಖ್ಯೆ ಕೊರೆಯುವುದು ಮುಂದುವರಿಯಿತು.

ಮರುದಿನ ಬೆಳಿಗ್ಗೆ ಮೇಷ್ಟ್ರ ಮನೆಗೆ ಓಡಿದೆ. ಅವರ ಮೂರು ಪ್ಲೇಟುಗಳ ಪಟ್ಟಿಯನ್ನು ಟಾರ್ಚ್ ಹಿಡಿದು ಓದಿದೆವು. 61, 62. 63, 64. ನಾಲ್ಕನೆಯದು 67, 68. ಎಂಟು ಸೈಡೂ ಸಾಲಾಗಿ ರೆಕಾರ್ಡ್ ಆಗಿದ್ದವು. ಮೇಷ್ಟ್ರು ಪುಸ್ತಕ ತೆರೆದು ನೋಡಿದರು. ಮೂವತ್ತು ವರ್ಷದ ಆ ಪುಸ್ತಕದಲ್ಲಿ ಪ್ರತಿ ಪ್ಲೇಟಿನ ಲೇಬಲ್ ಸಂಖ್ಯೆ ಇತ್ತು, ಹಾಡಿನ ಮೊದಲ ಸಾಲಿತ್ತು, ಕೊಂಡ ದಿನಾಂಕ ಇತ್ತು. ಮ್ಯಾಟ್ರಿಕ್ಸ್ ಒಂದೂ ಇರಲಿಲ್ಲ. 65 ಮತ್ತು 66 ಬೇಕು ಅನ್ನೋದನ್ನು 14 ತಿಂಗಳ ಹಿಂದೆಯೇ, ಕೈಯಲ್ಲಿದ್ದ ಮೂರು ಪ್ಲೇಟಿನಿಂದ ಲೆಕ್ಕ ಹಾಕಬಹುದಿತ್ತು. ಎಲ್ಲ ಸೆಟ್ಟಿನಲ್ಲೂ ಸಂಖ್ಯೆ ಸಾಲಾಗಿ ಬರುವುದಿಲ್ಲ, ಬೇರೆ ಬೇರೆ ದಿನ ರೆಕಾರ್ಡ್ ಆಗಿದ್ದರೆ ನಡುವೆ ಬಿಟ್ಟು ಹೋಗುತ್ತದೆ. ಆದರೂ ನೋಡದೆ ಇರಬಾರದು.

ಕಾಗದ ಬದಲಾಯಿತು. ಹೊಸದರಲ್ಲಿ ನಾಟಕದ ಹೆಸರು ಕೊನೆಗೆ ಹೋಯಿತು. ಒಂದು ಪ್ಲೇಟಿನ ಫೋಟೋ ಹಾಕಿ, ನುಣುಪು ಪಟ್ಟಿಗೆ ಬಾಣದ ಗುರುತು ಮಾಡಿ, "ಲೇಬಲ್ ಏನೇ ಇರಲಿ, ಇಲ್ಲಿ ಈ ಎರಡರಲ್ಲಿ ಒಂದು ಸಂಖ್ಯೆ ಇದೆಯಾ ನೋಡಿ" ಅಂತ ಬರೆದೆವು. ಮುಖ್ಯವಾದ ಇನ್ನೊಂದು ತೀರ್ಮಾನ ಅಂದರೆ, "ಇಲ್ಲ" ಅಂದವರಿಗೂ ಮತ್ತೆ ಕಳಿಸಿದೆವು. ಮೇಷ್ಟ್ರಿಗೆ ಮೊದಲು ಸಂಕೋಚ ಆಯಿತು. ಒಂದು ಸಲ ಇಲ್ಲ ಅಂದವರನ್ನು ಮತ್ತೆ ಪೀಡಿಸಬೇಕಾ ಅಂದರು. ನಾವು ಕೇಳುತ್ತಿರುವ ಪ್ರಶ್ನೆ ಬೇರೆ ಅಲ್ವಾ ಅಂದೆ. ಒಪ್ಪಿದರು.

ಅದೇ ಟ್ರಂಕು

ಮೂರನೇ ವಾರ ಫೋನ್ ಬಂತು. ಮಾವನವರ ಟ್ರಂಕಿನ ಅಮ್ಮ.

"ನಿಮ್ಮ ಬಾಣದ ಗುರುತು ನೋಡಿದೆ. ಮೊಮ್ಮಗನ ಕೈಲಿ ಟಾರ್ಚ್ ಹಿಡಿಸಿ ಎಲ್ಲಾ ಪ್ಲೇಟೂ ಓದಿಸಿದೆ. ಒಂದರಲ್ಲಿ ಒಂದು ಕಡೆ 65, ಇನ್ನೊಂದು ಕಡೆ 66 ಇದೆ."

"ಅಮ್ಮಾ, ಲೇಬಲ್ ಮೇಲೆ ಏನಿದೆ?"

"ಹಾಡಿನ ಮೊದಲ ಸಾಲು ಇದೆ. ಹಾಡಿದವರ ಹೆಸರಿದೆ. ನಾಟಕ ಅಂತ ಎಲ್ಲೂ ಇಲ್ಲ. ನೀವು ಆವತ್ತು ನಾಟಕದ್ದು ಕೇಳಿದ್ರಿ. ಇದು ಹಾಡಿನದಲ್ವಾ?"

ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಹಾಡು ಜನಪ್ರಿಯ ಆದ್ದರಿಂದ ಪ್ಲೇಟು ಮಾಡುವ ಕಂಪನಿ ಆ ಒಂದೇ ಪ್ಲೇಟನ್ನು ಸೆಟ್ಟಿನಿಂದ ಬಿಡಿಸಿ, ಬೇರೆ ಲೇಬಲ್, ಬೇರೆ ಸಂಖ್ಯೆ ಹಾಕಿ ಮತ್ತೆ ಮಾರಿತ್ತು. ನಾಟಕದ ಹೆಸರು ಹಿಡಿದು ಹುಡುಕುವ ಯಾರಿಗೂ ಅದು ಸಿಗುತ್ತಿರಲಿಲ್ಲ. 43 ಹಿಡಿದು ಹುಡುಕಿದರೂ ಸಿಗುತ್ತಿರಲಿಲ್ಲ.

ಈ ಸಲ ಪಾರ್ಸೆಲ್ ಮಾತೇ ಇಲ್ಲ. ಇಬ್ಬರೂ ಹೋದೆವು. ಆ ಅಮ್ಮ ಪ್ಲೇಟನ್ನು ಹಳೆ ಸೀರೆಯ ತುಂಡಿನಲ್ಲಿ ಸುತ್ತಿಟ್ಟಿದ್ದರು. "ತಗೊಂಡು ಹೋಗಿ, ನಮಗೆ ಹಾಕೋ ಮೆಷಿನ್ನೇ ಇಲ್ಲ. ದುಡ್ಡೇನೂ ಬೇಡ" ಅಂದರು. ಇಲ್ಲಿ ಮೇಷ್ಟ್ರು ಮಾಡಿದ್ದನ್ನು ನಾನು ಬಹಳ ಮೆಚ್ಚುತ್ತೇನೆ. ಪ್ಲೇಟನ್ನು ಕೈಗೆ ತೆಗೆದುಕೊಳ್ಳುವ ಮೊದಲೇ ಹೇಳಿದರು: "ಅಮ್ಮಾ, ಇದು ಅಪರೂಪದ್ದು. ನಾನು ಇದಕ್ಕಾಗಿ ಒಂದೂವರೆ ವರ್ಷ ಅಲೆದಿದ್ದೀನಿ. ಒಡೆದು ಬಂದ ಇಂಥದ್ದೇ ಒಂದಕ್ಕೆ ಇಷ್ಟು ಕೊಟ್ಟಿದ್ದೀನಿ. ನೀವು ಮನೆಯವರನ್ನೆಲ್ಲ ಕೇಳಿ ಹೇಳಿ. ಕೊಡೋದು ಬೇಡ ಅನ್ನಿಸಿದರೆ ಎರಡು ದಿನ ಸಾಲ ಕೊಡಿ, ದನಿ ಇಳಿಸಿಕೊಂಡು ವಾಪಸ್ ತಂದು ಕೊಡ್ತೀನಿ."

ಕೊನೆಗೆ ಅವರು ಕೊಟ್ಟರು. ಮೇಷ್ಟ್ರು ವ್ಯಾಪಾರಿಗೆ ಕೊಟ್ಟಷ್ಟೇ ದುಡ್ಡು ಕೊಟ್ಟರು. ಜೊತೆಗೆ ಟ್ರಂಕಿನಲ್ಲಿದ್ದ ಎಲ್ಲ ಪ್ಲೇಟುಗಳ ದನಿಯನ್ನೂ ಇಳಿಸಿ ಮನೆಯವರಿಗೆ ಕೊಡುವುದು ಅಂತ ಮಾತಾಯಿತು. ಬೆಲೆ ಗೊತ್ತಿಲ್ಲದವರಿಂದ ಸುಮ್ನೆ ಎತ್ತಿಕೊಂಡು ಬರುವ ಸಂಗ್ರಾಹಕರು ಇದ್ದಾರೆ. ಒಂದು ಮನೆಯಲ್ಲಿ ಹಾಗಾದರೆ ಆ ಬೀದಿಯ ಬೇರೆ ಬಾಗಿಲುಗಳೂ ಮುಚ್ಚಿಕೊಳ್ಳುತ್ತವೆ. ಈ ಮನೆಯವರು ಮಾತ್ರ ಆಮೇಲೆ ತಾವಾಗಿಯೇ ಇನ್ನೂ ಎರಡು ಮನೆಗಳ ವಿಳಾಸ ಕೊಟ್ಟರು.

ಬಸ್ಸಿನಲ್ಲಿ ಮೇಷ್ಟ್ರು ಪ್ಲೇಟಿನ ಪೆಟ್ಟಿಗೆಯನ್ನು ತೊಡೆಯ ಮೇಲೆ ನೆಟ್ಟಗೆ ನಿಲ್ಲಿಸಿಕೊಂಡು ಕೂತರು. ಇಡೀ ದಾರಿ ಕೈ ತೆಗೆಯಲಿಲ್ಲ.

ಎರಡು ದಿನದ ತಪ್ಪು ಲೆಕ್ಕ

ಮೊದಲು ತೊಳೆದೆವು. ಅರಗಿನ ಪ್ಲೇಟಿಗೆ ಸ್ಪಿರಿಟ್ ತಾಕಿಸಲೇಬಾರದು, ಅರಗು ಸ್ಪಿರಿಟ್ಟಿನಲ್ಲಿ ಕರಗುತ್ತದೆ. ಬಟ್ಟಿ ಇಳಿಸಿದ ನೀರು, ಅದಕ್ಕೆ ಒಂದೆರಡು ಹನಿ ಮೆದು ಸೋಪು, ಮೆತ್ತನೆ ಬ್ರಷ್. ಲೇಬಲ್ ಒದ್ದೆಯಾಗಬಾರದು. ಹಾಕಿದ್ದು ಈಗಿನ ಟರ್ನ್‌ಟೇಬಲ್ ಮೇಲೆ, 78ಕ್ಕೆಂದೇ ಮಾಡಿದ ಸ್ಟೈಲಸ್, ಅಂದರೆ ಮುಳ್ಳು, ಇಟ್ಟು. 78ರ ಗೆರೆ ಆಮೇಲೆ ಬಂದ ಎಲ್‌ಪಿ ಪ್ಲೇಟಿನ ಗೆರೆಗಿಂತ ಸುಮಾರು ಮೂರು ಪಟ್ಟು ಅಗಲ. ಎಲ್‌ಪಿ ಸ್ಟೈಲಸ್ ಇಟ್ಟರೆ ಅದು ಗೆರೆಯ ತಳದಲ್ಲಿ ಉಜ್ಜಿಕೊಂಡು ಬರೀ ಗರಗರ ಕೇಳಿಸುತ್ತದೆ.

ಐದನೇ ಸೈಡು ಚೆನ್ನಾಗಿತ್ತು. ಆರನೇ ಸೈಡು ಬಹಳ ಸವೆದಿತ್ತು. ಗೆರೆಗಳು ಬೂದು ಬಣ್ಣಕ್ಕೆ ತಿರುಗಿದ್ದವು, ಹಾಡು ಏರಿದಲ್ಲೆಲ್ಲ ದನಿ ಒಡೆಯುತ್ತಿತ್ತು. ಆ ಮನೆಯಲ್ಲಿ ಅದನ್ನು ಎಷ್ಟು ಸಲ ಕೇಳಿದ್ದರೋ. ಆಗ ನನಗೆ ಒಡೆದ ಪ್ಲೇಟು ನೆನಪಾಯಿತು. ಒಡೆದಿದ್ದರೂ ಅದರ ಗೆರೆ ಹೊಸದರ ಹಾಗಿತ್ತು. ಎರಡು ಹೋಳನ್ನು ಸಮತಟ್ಟಾಗಿ ಕೂಡಿಸಿ, ಅಂಚಿಗೆ ಮತ್ತು ಕೆಳಗಿನ ಸೈಡಿಗೆ ಟೇಪು ಹಾಕಿ, ಮೇಲಿನ ಸೈಡನ್ನು 45ರ ವೇಗದಲ್ಲಿ ತಿರುಗಿಸಿದೆ. ನಿಧಾನಕ್ಕೆ ತಿರುಗಿದರೆ ಬಿರುಕಿನ ಮೇಲೆ ಸ್ಟೈಲಸ್ ಹಾರುವುದು ಕಡಿಮೆ. ಆಮೇಲೆ ಕಂಪ್ಯೂಟರಿನಲ್ಲಿ 78ಕ್ಕೆ ಏರಿಸಿದೆ. ನಡುವೆ ಸೀಳಿದ ಪ್ಲೇಟು ಒಂದು ಸುತ್ತಿಗೆ ಎರಡು ಸಲ ಟಕ್ ಅನ್ನುತ್ತದೆ. ನಿಮಿಷಕ್ಕೆ 156. ಮೂರು ನಿಮಿಷದ ಸೈಡಿಗೆ 468. ಒಂದೊಂದನ್ನೂ ಕಣ್ಣಿಟ್ಟು ನೋಡಿ ಕೈಯಾರೆ ತೆಗೆದೆ.

ಯೋಜನೆ ಏನಿತ್ತು ಅಂದರೆ, ಸವೆದ ಕಡೆ ಒಡೆದ ಪ್ಲೇಟಿನ ತುಂಡು ಹಾಕಿ ಒಂದು ಪೂರ್ತಿ ಹಾಡು ಮಾಡುವುದು. ಎರಡನ್ನೂ ಒಂದರ ಕೆಳಗೊಂದು ಇಟ್ಟೆ. ಹೊಂದಲಿಲ್ಲ. ಶುರುವಿನಲ್ಲಿ ಸರಿಮಾಡಿದರೆ ನಡುವೆ ಜಾರುತ್ತದೆ, ನಡುವೆ ಸರಿಮಾಡಿದರೆ ಕೊನೆಯಲ್ಲಿ. ವೇಗದ ತೊಂದರೆ ಅಂತ ತಿಳಿದೆ. 78 ಅಂತ ಹೆಸರಿದ್ದರೂ ಹಳೆ ಪ್ಲೇಟುಗಳು ಸರಿಯಾಗಿ 78ರಲ್ಲೇ ರೆಕಾರ್ಡ್ ಆಗಿರುವುದಿಲ್ಲ. ಹಾಗಾಗಿ ವೇಗವನ್ನು ಕೂದಲೆಳೆಯಷ್ಟು ಹೆಚ್ಚು ಕಡಿಮೆ ಮಾಡುತ್ತಾ ಎರಡು ದಿನ ಕಳೆದೆ.

ಮೂರನೇ ದಿನ ಮೇಷ್ಟ್ರು ಬಂದರು. ಎರಡನ್ನೂ ಕಣ್ಣು ಮುಚ್ಚಿ ಕೇಳಿದರು. "ಇದು ಒಂದೇ ಹಾಡಲ್ಲ" ಅಂದರು. "ಇಲ್ಲಿ ಪಲ್ಲವಿಗೆ ಮೊದಲು ಉಸಿರು ತಗೊಳ್ತಾರೆ. ಅಲ್ಲಿ ತಗೊಳ್ಳಲ್ಲ."

ಟಾರ್ಚ್ ತಂದು ಮತ್ತೆ ನುಣುಪು ಪಟ್ಟಿ ನೋಡಿದೆವು. 66ರ ಪಕ್ಕ ಇನ್ನೂ ಚಿಕ್ಕದಾಗಿ ಒಂದು ಅಂಕಿ. ಒಡೆದ ಪ್ಲೇಟಿನಲ್ಲಿ 1. ಟ್ರಂಕಿನ ಪ್ಲೇಟಿನಲ್ಲಿ 2. ಇನ್ನೊಂದು ಕಡೆಯೂ ಹಾಗೇ. ಅದು ಟೇಕ್ ಸಂಖ್ಯೆ. ಒಂದು ಹಾಡನ್ನು ಎರಡು ಮೂರು ಸಲ ಹಾಡಿಸಿ ಮೇಣದ ಮೇಲೆ ಹಿಡಿಯುತ್ತಿದ್ದರು. ಒಂದನ್ನು ಮಾರಿದರೂ ಇನ್ನೊಂದನ್ನು ಕೆಲವು ಸಲ ಉಳಿಸಿಕೊಳ್ಳುತ್ತಿದ್ದರು. ಮೊದಲಿನ ಅಚ್ಚು ಕೆಟ್ಟಾಗ ಎರಡನೆಯದರಿಂದ ಪ್ಲೇಟು ಒತ್ತುತ್ತಿದ್ದರು. ನಾಟಕದವರು ಅವತ್ತು ಆ ದೃಶ್ಯವನ್ನು ಎರಡು ಸಲ ಆಡಿದ್ದರು. ಎರಡೂ ನಮ್ಮ ಕೈಯಲ್ಲಿದ್ದವು.

ಜೋಡಿಸುವ ಕೆಲಸವನ್ನು ಅಲ್ಲಿಗೇ ನಿಲ್ಲಿಸಿದೆವು. ಎರಡು ಬೇರೆ ಹಾಡಿಕೆಯನ್ನು ಕತ್ತರಿಸಿ ಕೂಡಿಸಿದರೆ ಯಾರೂ ಎಂದೂ ಹಾಡದ ಒಂದು ಹಾಡು ಆಗುತ್ತದೆ. ಮುಂದೆ ಕೇಳುವವರು ಅದನ್ನೇ ನಿಜ ಅಂದುಕೊಳ್ಳುತ್ತಾರೆ. ಸವೆದದ್ದು ಸವೆದ ಹಾಗೇ ಇರಲಿ, ಬೇರೆ ಬೇರೆಯಾಗಿ ಇಡೋಣ ಅಂತ ಇಬ್ಬರೂ ಒಪ್ಪಿದೆವು.

ಮಗ ಹೇಳಿದ್ದು

ಈಗ ಐದನೇ ಸೈಡು. ಮೇಷ್ಟ್ರು ಹನ್ನೊಂದು ವರ್ಷ ಕಾದ ಉತ್ತರ. ಟ್ರಂಕಿನ ಪ್ಲೇಟು ಬಂದ ದಿನವೇ ಅದನ್ನು ಕೇಳಿದ್ದೆವು. ತಾಯಿಯ ಪ್ರಶ್ನೆಗೆ ಮಗ "ಹೋಗಿ ಬರುವೆನಮ್ಮ" ಅನ್ನುತ್ತಾನೆ. ಮೇಷ್ಟ್ರು ತಲೆಯಾಡಿಸಿದ್ದರು. ಬಾಗಿಲಲ್ಲಿ ದೀಪ ಯಾಕೆ ಇತ್ತು ಅಂತ ಅವರಿಗೆ ಅವತ್ತು ತಿಳಿಯಿತು. ನಮ್ಮಲ್ಲಿ ಹೊರಡುವವರು ಬರೀ "ಹೋಗುತ್ತೇನೆ" ಅನ್ನುವುದಿಲ್ಲವಲ್ಲ.

ಟೇಕ್ ಸಂಖ್ಯೆ ನೋಡಿದ ಮೇಲೆ ಒಡೆದ ಪ್ಲೇಟಿನ ಐದನೇ ಸೈಡನ್ನೂ ಇಳಿಸಿದೆ. ಟಕ್ ಟಕ್ ನಡುವೆಯೇ ಮಾತು ಕೇಳಿತು. ಅದರಲ್ಲಿ ಮಗ "ಹೋಗಲೇಬೇಕಮ್ಮ" ಅನ್ನುತ್ತಾನೆ. ಬರುತ್ತೇನೆ ಅನ್ನುವುದಿಲ್ಲ. ಒಂದೇ ದೃಶ್ಯ, ಅದೇ ನಟ. ಸೆಟ್ ಕೊಂಡವರು ಒಂದು ಮಾತು ಕೇಳಿದರು, ಹಾಡಿನ ಪ್ಲೇಟು ಕೊಂಡವರು ಇನ್ನೊಂದು ಕೇಳಿದರು. ಮೇಷ್ಟ್ರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಏಳನೇ ಸೈಡು ಹಾಕಿಸಿ ತಾಯಿಯ ಹಾಡನ್ನು ಮತ್ತೆ ಕೇಳಿದರು.

ಎಸೆಯಲು ಹೊರಟಿದ್ದ ಎರಡು ಹೋಳು ಈಗ ಸೆಟ್ಟಿನ ಮೂರನೇ ಜಾಗದಲ್ಲಿವೆ. ಮೂಲ ಸೆಟ್ಟಿನ ಪ್ಲೇಟು ಅದೇ ಆದ್ದರಿಂದ ಆ ಜಾಗ ಅದರದ್ದು. ಎರಡು ದಪ್ಪ ರಟ್ಟಿನ ನಡುವೆ ಅದನ್ನು ಮಾತ್ರ ಮಲಗಿಸಿಟ್ಟಿದ್ದಾರೆ, ಉಳಿದವು ನೆಟ್ಟಗೆ ನಿಂತಿವೆ. ಟ್ರಂಕಿನ ಪ್ಲೇಟು ಪಕ್ಕದ ಸಾಲಿನಲ್ಲಿದೆ. ಅದರ ಚೀಟಿಯ ಮೇಲೆ ಯಾವ ಮನೆಯಿಂದ ಬಂತು ಅಂತ ಬರೆದಿದ್ದಾರೆ. ಮೇಷ್ಟ್ರು ಪುಸ್ತಕದಲ್ಲಿ ಹೊಸದಾಗಿ ಎರಡು ಕಾಲಂ ಎಳೆದು, ಮೊದಲ ಪ್ಲೇಟಿನಿಂದ ಶುರುಮಾಡಿ ಮ್ಯಾಟ್ರಿಕ್ಸ್ ಮತ್ತು ಟೇಕ್ ತುಂಬುತ್ತಿದ್ದಾರೆ. ದಿನಕ್ಕೆ ಹತ್ತು ಪ್ಲೇಟು. ಅರ್ಧ ಮುಗಿಯುವಷ್ಟರಲ್ಲಿ, ಬೇರೆ ಬೇರೆ ಅಂದುಕೊಂಡಿದ್ದ ಎರಡು ಪ್ಲೇಟು ಒಂದೇ ಅಂತ ಗೊತ್ತಾಯಿತು. ಒಂದೇ ಅಂತ ಮಾರಲು ಇಟ್ಟಿದ್ದ ಮೂರು ಪ್ಲೇಟು ಬೇರೆ ಬೇರೆ ಟೇಕ್ ಅಂತಲೂ ಗೊತ್ತಾಯಿತು.

ಕಾಗದ ಮತ್ತೆ ಹೊರಟಿದೆ. ಈ ಸಲ ಕೇಳಿರುವುದು 65, 66, ಎರಡರಲ್ಲೂ ಟೇಕ್ 1, ಒಡೆಯದ ಪ್ಲೇಟು. ಕಾಗದದ ಹಿಂಬದಿಯಲ್ಲಿ ಪ್ಲೇಟು ಕಟ್ಟುವ ಬಗೆಯನ್ನು ಮೇಷ್ಟ್ರು ತಾವೇ ಚಿತ್ರ ಬರೆದು ತೋರಿಸಿದ್ದಾರೆ.